ಬೆರಳಿನ ತಪ್ಪೇನು?

ನಮ್ಮಲ್ಲಿ ಯಂತ್ರ ಕೆಟ್ಟರೆ ಮೊದಲು ಕೇಳುವ ಪ್ರಶ್ನೆ "ಯಾರು ಮುಟ್ಟಿದರು?" ಎಂದು. ಏನಾಯಿತು, ಹೇಗಾಯಿತು ಎಂಬ ಪ್ರಶ್ನೆಗಳೆಲ್ಲ ಆಮೇಲೆ. ಮುಟ್ಟಿದವರು ಹೆಂಗಸರೆಂದು ಗೊತ್ತಾದರಂತೂ ವಿಚಾರಣೆ ಅಲ್ಲಿಗೇ ಮುಗಿಯಿತು. ಮಿಕ್ಸಿ ಸುಟ್ಟರೆ ಅತ್ತಿಗೆ, ಟಿವಿಯ ರಿಮೋಟು ಕೆಲಸ ಮಾಡದಿದ್ದರೆ ಅಮ್ಮ, ಮೊಬೈಲಿನಲ್ಲಿ ಫೋಟೋ ಅಳಿಸಿಹೋದರೆ ಹೆಂಡತಿ. ಈ ಪಟ್ಟಿಗೆ ಕಂಪ್ಯೂಟರ್ ಸೇರಿ ಬಹಳ ವರ್ಷವಾಯಿತು. "ಏನೋ ಒತ್ತಿಬಿಟ್ಟಿದ್ದಾಳೆ" ಎಂದು ಹೇಳಿ ನಕ್ಕುಬಿಟ್ಟರೆ ತೀರ್ಪು ಕೊಟ್ಟಂತೆಯೇ. ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲ ಎಂಬುದನ್ನು ಒಂದೇ ಒಂದು ಕೀಯ ವಿಚಾರ ಹಿಡಿದು ಹೇಳುತ್ತೇನೆ. ಓದುಗ ಸೋದರಿಯರು ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ಯಾಕೆಂದರೆ ತಾಂತ್ರಿಕ ವಿಷಯವೆಂದು ನಾವು ಪಕ್ಕಕ್ಕೆ ಸರಿಯುವುದರಿಂದಲೇ ಇಂಥ ತೀರ್ಪುಗಳು ನಮ್ಮ ತಲೆಯ ಮೇಲೆ ಬೀಳುತ್ತವೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಕಂಪ್ಯೂಟರ್ ನನ್ನ ವಿಷಯವಲ್ಲ. ಆದರೆ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಹೋದ ಹುಡುಗಿಯರು ಕಷ್ಟ ಬಂದಾಗ ಹಳೆಯ ಟೀಚರ ಮನೆ ಹುಡುಕಿಕೊಂಡು ಬರುತ್ತಾರೆ. ಹಾಗೆ 2016ರ ಜನವರಿಯಲ್ಲಿ ಒಬ್ಬಳು ಬಂದಳು. ಕುರುಗೋಡು ಕಡೆಯ ಹುಡುಗಿ. ಮೆಣಸಿನಕಾಯಿ, ಹತ್ತಿ ಬೆಳೆಯುವ ಮನೆ. ದಿನಾ ಬಸ್ಸಿನಲ್ಲಿ ಬಳ್ಳಾರಿಗೆ ಬಂದು ಒಂದು ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದಳು. ಭೌತ, ರಸಾಯನ, ಗಣಿತದ ಜೊತೆ ಜೀವಶಾಸ್ತ್ರದ ಬದಲು ಕಂಪ್ಯೂಟರ್ ವಿಜ್ಞಾನ ತೆಗೆದುಕೊಂಡವಳು. ಆ ವಿಷಯದಲ್ಲಿ ಪ್ರಾಯೋಗಿಕ ಪರೀಕ್ಷೆಗೇ 30 ಅಂಕ. ಪೂರ್ವಸಿದ್ಧತಾ ಪರೀಕ್ಷೆಯ ದಿನ ಅವಳು ಪ್ರೋಗ್ರಾಮನ್ನು ಪೂರ್ತಿ ಟೈಪ್ ಮಾಡಿದಳು, ಉಳಿಸಿದೆನೆಂದುಕೊಂಡಳು, ಲ್ಯಾಬಿನ ಜೆರಾಕ್ಸ್ ನೋಟ್ಸಿನಲ್ಲಿ ಬರೆದಿದ್ದಂತೆ ಕಂಟ್ರೋಲ್ ಮತ್ತು ಎಫ್9 ಒಟ್ಟಿಗೆ ಒತ್ತಿದಳು. ಉತ್ತರ ಬರಬೇಕಾದ ಜಾಗದಲ್ಲಿ ಇಡೀ ಕಿಟಕಿಯೇ ಮಾಯವಾಯಿತು. ಬರೆದದ್ದೆಲ್ಲ ಹೋಯಿತು. ಮತ್ತೆ ಬರೆದಳು, ಮತ್ತೆ ಒತ್ತಿದಳು, ಮತ್ತೆ ಹೋಯಿತು. "ಕಂಪ್ಯೂಟರ್ ನಿನ್ನ ಕೈಗೆ ಆಗಿಬರಲ್ಲ ಬಿಡಮ್ಮ" ಎಂದರಂತೆ ಅಲ್ಲಿದ್ದವರು.

"ಎಲ್ಲಾ ಸರಿಯಾಗೇ ಒತ್ತಿದೆ ಮೇಡಂ, ನನಗೇ ಯಾಕೆ ಹಿಂಗಾಗ್ತದೆ?" ಎಂದು ಕೇಳಿದಳು. ಪಕ್ಕದ ಸಾಲಿನ ಗೆಳತಿಗೆ ಅದೇ ಕೀ ಒತ್ತಿದರೆ ಉತ್ತರ ಬಂದಿತ್ತು. ಹಿಂದಿನ ತಿಂಗಳು ಅದೇ ಸಾಲಿನಲ್ಲಿ ಕೂತಾಗ ಇವಳಿಗೂ ಬಂದಿತ್ತು. ಹಾಗಾದರೆ ತಪ್ಪು ತನ್ನದೇ ಇರಬೇಕೆಂದು ಆ ಮಗು ನಂಬಿಬಿಟ್ಟಿತ್ತು.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ತಂಗಿಯ ಮಗಳಿಗೆ ಆ ಸಂಜೆಯೇ ಫೋನು ಮಾಡಿದೆ. ಅವಳು ನಕ್ಕಳು. "ದೊಡ್ಡಮ್ಮ, ಇದು ನಮ್ಮ ಲೈನಿನಲ್ಲಿ ಎಲ್ಲರಿಗೂ ಗೊತ್ತಿರುವ ಕತೆ. ಆ ಹುಡುಗಿದೇನೂ ತಪ್ಪಿಲ್ಲ" ಎಂದು ವಿವರಿಸಿದಳು. ಎಲ್ಲರಿಗೂ ಗೊತ್ತಿರುವ ಕತೆ ಆ ಹುಡುಗಿಗೆ ಮಾತ್ರ ಗೊತ್ತಿರಲಿಲ್ಲ. ನನ್ನ ಸಿಟ್ಟು ಶುರುವಾದದ್ದು ಅಲ್ಲಿಂದ.

ವಿಷಯ ಇಷ್ಟೆ. ನಮ್ಮ ಪಿಯು ಕಾಲೇಜುಗಳಲ್ಲಿ ಬಹಳ ವರ್ಷ ಸಿ ಪ್ಲಸ್ ಪ್ಲಸ್ ಎಂಬ ಭಾಷೆಯನ್ನು ಟರ್ಬೊ ಸಿ ಪ್ಲಸ್ ಪ್ಲಸ್ ಎಂಬ ತಂತ್ರಾಂಶದಲ್ಲಿ ಕಲಿಸಿದರು. ಅಮೆರಿಕದ ಬೋರ್ಲಂಡ್ ಕಂಪನಿ 1990ರಲ್ಲಿ ಹೊರತಂದದ್ದು. ನೀಲಿ ಪರದೆ, ಅದರ ಮೇಲೆ ಬರೀ ಅಕ್ಷರಗಳು. ಮೌಸ್ ಇಲ್ಲದೆಯೂ ಎಲ್ಲವನ್ನೂ ಕೀಬೋರ್ಡಿನಿಂದಲೇ ಮಾಡಬಹುದು. ಎಫ್2 ಒತ್ತಿದರೆ ಬರೆದದ್ದು ಉಳಿಯುತ್ತದೆ. ಕಂಟ್ರೋಲ್ ಎಫ್9 ಒತ್ತಿದರೆ ಪ್ರೋಗ್ರಾಮು ಓಡುತ್ತದೆ. ಆಲ್ಟ್ ಎಫ್5 ಒತ್ತಿದರೆ ಉತ್ತರ ಕಾಣುತ್ತದೆ. ಡಾಸ್ ಕಾಲದ ಯಂತ್ರಗಳಿಗೆ ಇದು ಒಳ್ಳೆಯ ವ್ಯವಸ್ಥೆಯೇ ಆಗಿತ್ತು.

ಆದರೆ ಕಂಪ್ಯೂಟರುಗಳು ಬದಲಾದವು. ಹೊಸ 64 ಬಿಟ್ ವಿಂಡೋಸಿನಲ್ಲಿ ಆ ಕಾಲದ 16 ಬಿಟ್ ತಂತ್ರಾಂಶಗಳು ನೇರವಾಗಿ ಓಡುವುದಿಲ್ಲ. ಪಠ್ಯ ಹಳೆಯದು, ಯಂತ್ರ ಹೊಸದು. ಎರಡಕ್ಕೂ ಗಂಟು ಹಾಕಲು ಡಾಸ್‌ಬಾಕ್ಸ್ ಎಂಬುದನ್ನು ತಂದರು. ಹೊಸ ಕಂಪ್ಯೂಟರಿಗೆ ಹಳೆಯ ಕಂಪ್ಯೂಟರಿನ ವೇಷ ಹಾಕಿಸುವ ಉಚಿತ ತಂತ್ರಾಂಶ ಅದು. ಹಳೆಯ ಡಾಸ್ ಆಟಗಳನ್ನು ಮತ್ತೆ ಆಡಲೆಂದು ಮುಖ್ಯವಾಗಿ ಮಾಡಿದ್ದು, 2002ರಲ್ಲಿ ಹೊರಬಂತು. ಅದಕ್ಕೂ ತನ್ನದೇ ಕೀಗಳಿವೆ. ಅದರಲ್ಲಿ ಕಂಟ್ರೋಲ್ ಎಫ್9 ಒತ್ತಿದರೆ "ಈಗಲೇ ಎಲ್ಲ ಮುಚ್ಚು" ಎಂದು ಅರ್ಥ. ಉಳಿಸಲೇ ಎಂದು ಕೇಳುವುದಿಲ್ಲ, ಖಚಿತವೇ ಎಂದು ವಿಚಾರಿಸುವುದಿಲ್ಲ. ಒಳಗಿನ ತಂತ್ರಾಂಶಕ್ಕೆ "ಓಡಿಸು" ಎಂಬ ಅಪ್ಪಣೆಯಾದ ಕೀಯೇ ಹೊರಗಿನದಕ್ಕೆ "ಕೊಂದುಹಾಕು" ಎಂಬ ಅಪ್ಪಣೆ. ಹೊರಗಿನದು ಮೊದಲು ಕೇಳಿಸಿಕೊಳ್ಳುತ್ತದೆ, ಆದ್ದರಿಂದ ಅದರ ಮಾತೇ ನಡೆಯುತ್ತದೆ.

ಆ ಲ್ಯಾಬಿನಲ್ಲಿ ಒಂದು ಸಾಲು ಹಳೆಯ ಯಂತ್ರಗಳು, ಇನ್ನೊಂದು ಸಾಲು ಹೊಸವು. ಹಳೆಯ ಸಾಲಿನಲ್ಲಿ ಟರ್ಬೊ ನೇರವಾಗಿ ಓಡುತ್ತಿತ್ತು, ಹೊಸ ಸಾಲಿನಲ್ಲಿ ಡಾಸ್‌ಬಾಕ್ಸಿನೊಳಗೆ. ಕೊಠಡಿ ಒಂದೇ, ಕೀ ಒಂದೇ, ಕೈಯಲ್ಲಿದ್ದ ನೋಟ್ಸು ಒಂದೇ. ಫಲ ಮಾತ್ರ ಬೇರೆ. ಹುಡುಗಿ ಕೂತ ಕುರ್ಚಿಯ ಮೇಲೆ ಅವಳ ಹಣೆಬರಹ ನಿಂತಿತ್ತು.

ಇನ್ನೂ ಒಂದಿದೆ. "ಮೊದಲು ಉಳಿಸಿಕೊಳ್ಳಬೇಕಿತ್ತು" ಎನ್ನುವವರು ಇದನ್ನು ಕೇಳಬೇಕು. ಅವಳು ಕಂಟ್ರೋಲ್ ಎಸ್ ಒತ್ತಿದ್ದಳು. ವರ್ಡಿನಲ್ಲಿ ಅದನ್ನೇ ಒತ್ತಿ ಉಳಿಸುತ್ತೇವಲ್ಲವೆ? ಟರ್ಬೊದಲ್ಲಿ ಆ ಕೀ ಕರ್ಸರನ್ನು ಒಂದು ಅಕ್ಷರ ಎಡಕ್ಕೆ ಸರಿಸುತ್ತದೆ, ಅಷ್ಟೆ. 1978ರಲ್ಲಿ ಬಂದ ವರ್ಡ್‌ಸ್ಟಾರ್ ಎಂಬ ತಂತ್ರಾಂಶದಿಂದ ಬಳುವಳಿಯಾಗಿ ಬಂದ ಪದ್ಧತಿ ಅದು. ನಕಲು ಮಾಡಲು ಕಂಟ್ರೋಲ್ ಸಿ ಒತ್ತಿದರೆ ಇಲ್ಲಿ ನಕಲಾಗುವುದಿಲ್ಲ, ಕಂಟ್ರೋಲ್ ಇನ್ಸರ್ಟ್ ಒತ್ತಬೇಕು. ಕಂಟ್ರೋಲ್ ವೈ ವರ್ಡಿನಲ್ಲಿ ರದ್ದು ಮಾಡಿದ್ದನ್ನು ಮರಳಿ ತರುತ್ತದೆ, ಇಲ್ಲಿ ಇದ್ದ ಸಾಲನ್ನೇ ಅಳಿಸುತ್ತದೆ. ಒಂದು ಪಾಠದಲ್ಲಿ ಕಾಯುವ ಕೀ ಇನ್ನೊಂದು ಪಾಠದಲ್ಲಿ ಕೊಲ್ಲುತ್ತದೆ. ಇದನ್ನು ಹೇಳಿಕೊಡದೆ ಪರೀಕ್ಷೆಗೆ ಕೂರಿಸಿ, ಆಮೇಲೆ ಬೆರಳಿನ ಮೇಲೆ ತಪ್ಪು ಹೊರಿಸುವುದು ಯಾವ ನ್ಯಾಯ?

ನಮಗೆ ತಿಳಿಯುವ ಮಾತಿನಲ್ಲಿ ಹೇಳುತ್ತೇನೆ. ಹೊಸ ಸೊಸೆ ಬರುತ್ತಾಳೆ. ಅಡಿಗೆಮನೆಯಲ್ಲಿ ಮೂವತ್ತು ವರ್ಷದಿಂದ ಅತ್ತೆ ಇಟ್ಟ ಡಬ್ಬಿಗಳಿವೆ, ಒಂದರ ಮೇಲೂ ಹೆಸರಿಲ್ಲ. ತವರಿನಲ್ಲಿ ಒಲೆಯ ಬಲಕ್ಕಿದ್ದದ್ದು ಸಕ್ಕರೆ, ಇಲ್ಲಿ ಬಲಕ್ಕಿರುವುದು ಉಪ್ಪು. ನೆಂಟರು ಬಂದಾಗ ಪಾಯಸಕ್ಕೆ ಉಪ್ಪು ಬೀಳುತ್ತದೆ. "ಅಡಿಗೆ ಬರದ ಹುಡುಗಿ" ಎಂದು ಹೆಸರಾಗುತ್ತದೆ. ಅವಳಿಗೆ ಅಡಿಗೆ ಬರುತ್ತದೆ, ಯಾರದೋ ಅಡಿಗೆಮನೆಯ ಗುಟ್ಟು ಗೊತ್ತಿಲ್ಲ, ಅಷ್ಟೆ. ಒಂದು ಚೀಟಿ ಅಂಟಿಸಿದ್ದರೆ ಮುಗಿಯುತ್ತಿದ್ದ ಮಾತು. ಚೀಟಿ ಅಂಟಿಸಿದರೆ ಅತ್ತೆಯ ದೊಡ್ಡಸ್ತಿಕೆಗೆ ಏನು ಬೆಲೆ ಉಳಿಯಿತು ಎನ್ನುತ್ತೀರಾ? ಲ್ಯಾಬುಗಳಲ್ಲಿಯೂ ಅದೇ. ಎರಡು ಕೀಗಳ ಗುಟ್ಟು ಗೊತ್ತಿರುವವನು ಅಲ್ಲಿ ದೊಡ್ಡ ಮನುಷ್ಯ.

ಈ ಶಾರ್ಟ್‌ಕಟ್ಟುಗಳು ದೇವರು ಬರೆದ ಶಾಸನವೇನಲ್ಲ. ಯಾರೋ ಒಬ್ಬರು, ಯಾವುದೋ ಕಾಲದಲ್ಲಿ, ತಮ್ಮ ಮುಂದಿದ್ದ ಯಂತ್ರಕ್ಕೆ ತಕ್ಕಂತೆ ಮಾಡಿಕೊಂಡದ್ದು. ಇಂಜಿನಿಯರಿಂಗ್ ಓದುವ ಮಕ್ಕಳು ಲಿನಕ್ಸಿನಲ್ಲಿ ವಿ‌ಐ ಎಂಬ ಎಡಿಟರನ್ನು ಕಲಿಯುತ್ತಾರೆ. ಅದರಲ್ಲಿ ಕರ್ಸರ್ ಸರಿಸಲು ಎಚ್, ಜೆ, ಕೆ, ಎಲ್ ಅಕ್ಷರಗಳನ್ನು ಒತ್ತಬೇಕು. ಏಕೆಂದು ಕೇಳಿದರೆ ಏನೋ ಗಹನವಾದ ಕಾರಣ ಇರಬೇಕೆನಿಸುತ್ತದೆ. 1976ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಅದನ್ನು ಬರೆದ ಬಿಲ್ ಜಾಯ್ ಅವರ ಬಳಿ ಇದ್ದ ಟರ್ಮಿನಲ್ಲಿನಲ್ಲಿ ಬಾಣದ ಗುರುತುಗಳನ್ನು ಆ ನಾಲ್ಕು ಕೀಗಳ ಮೇಲೆಯೇ ಅಚ್ಚು ಹಾಕಿದ್ದರು. ಕಾರಣ ಅಷ್ಟೆ. ಆ ಟರ್ಮಿನಲ್ ಎಂದೋ ಗುಜರಿ ಸೇರಿತು, ಅದರ ಕೀಗಳನ್ನು ನಮ್ಮ ಮಕ್ಕಳು ಇಂದಿಗೂ ಬಾಯಿಪಾಠ ಮಾಡುತ್ತಿದ್ದಾರೆ.

ಬೇರೆ ರೀತಿಯಲ್ಲಿ ಯೋಚಿಸಿದವರೂ ಇದ್ದರು. ಬರಹವನ್ನು ಕತ್ತರಿಸಿ ಅಂಟಿಸುವ ಇಂದಿನ ಪದ್ಧತಿಯನ್ನು 1970ರ ದಶಕದಲ್ಲಿ ಸಂಗಡಿಗರ ಜೊತೆ ರೂಪಿಸಿದ ಲ್ಯಾರಿ ಟೆಸ್ಲರ್ ಎಂಬ ವಿಜ್ಞಾನಿ 2020ರಲ್ಲಿ ತೀರಿಕೊಂಡರು. ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ದಾಗ ಅವರು ಹೊಸದಾಗಿ ಕೆಲಸಕ್ಕೆ ಸೇರಿದ ಕಾರ್ಯದರ್ಶಿಯೊಬ್ಬಳನ್ನು ಖಾಲಿ ಪರದೆಯ ಮುಂದೆ ಕೂರಿಸಿ, ಇಲ್ಲೊಂದು ಪುಟವಿದೆ ಎಂದುಕೊ, ಇದನ್ನು ನೀನು ಹೇಗೆ ತಿದ್ದುತ್ತೀಯೆ ಎಂದು ಕೇಳಿ ತಿಳಿದುಕೊಂಡರು. ಒಂದೇ ಕೀ ಒಂದೊಂದು ಸ್ಥಿತಿಯಲ್ಲಿ ಒಂದೊಂದು ಅರ್ಥ ಕೊಡಬಾರದು ಎಂಬುದು ಅವರು ಜೀವನವಿಡೀ ಹಿಡಿದ ಹಟ. ತಮ್ಮ ಕಾರಿನ ನಂಬರ್ ಪ್ಲೇಟಿನಲ್ಲಿಯೂ ಅದನ್ನೇ ಬರೆಸಿಕೊಂಡಿದ್ದರು. ಕಂಪ್ಯೂಟರ್ ಬಳಸುವ ಹೆಂಗಸನ್ನು ಕೇಳಿ ಕಂಪ್ಯೂಟರ್ ಮಾಡಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಅಷ್ಟು ದೂರ ಹೋಗುವುದೂ ಬೇಡ. ನಮ್ಮವರೇ ಆದ ಕೆ. ಪಿ. ರಾವ್ ಕನ್ನಡಕ್ಕೆ ಕೀಬೋರ್ಡು ರೂಪಿಸಿದಾಗ ನಮ್ಮ ಅಕ್ಷರಮಾಲೆಯ ಕ್ರಮವನ್ನೇ ನೆಚ್ಚಿಕೊಂಡರು. ಕೆ ಒತ್ತಿದರೆ ಕ, ಶಿಫ್ಟಿನೊಡನೆ ಒತ್ತಿದರೆ ಖ. ಜಿ ಒತ್ತಿದರೆ ಗ, ಶಿಫ್ಟಿನೊಡನೆ ಘ. ಅಲ್ಪಪ್ರಾಣ ಮಹಾಪ್ರಾಣ ಗೊತ್ತಿರುವ ಯಾವ ಹುಡುಗಿಯಾದರೂ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಅದನ್ನು ಅವರು ಹಣಕ್ಕೆ ಮಾರದೆ ಎಲ್ಲರಿಗೂ ಬಿಟ್ಟುಕೊಟ್ಟರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು. ಬಳಸುವವರ ತಲೆಯಲ್ಲಿ ಆಗಲೇ ಇರುವ ತಿಳುವಳಿಕೆಯನ್ನು ಗೌರವಿಸಿ ಕೀ ಜೋಡಿಸಬಹುದು ಎಂಬುದನ್ನು ಅವರು ಮಾಡಿ ತೋರಿಸಿದ್ದಾರೆ.

ಹಾಗೆ ಮಾಡಿದ ಒಳ್ಳೆಯ ವ್ಯವಸ್ಥೆಯನ್ನೂ ಕಾಲಕಾಲಕ್ಕೆ ನೋಡಿಕೊಳ್ಳಬೇಕು. ಸಿರುಗುಪ್ಪದ ನನ್ನ ಗೆಳತಿಯೊಬ್ಬಳು ಒಂದು ಕಚೇರಿಯಲ್ಲಿ ಬೆರಳಚ್ಚಿನ ಕೆಲಸದಲ್ಲಿದ್ದಳು. ನುಡಿ ತಂತ್ರಾಂಶದಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಹೊರಳಲು ಸ್ಕ್ರಾಲ್ ಲಾಕ್ ಕೀ ಒತ್ತಬೇಕು. ಬೇರೆ ಯಾರಿಗೂ ಬೇಡವಾದ ಕೀಯನ್ನು ಕನ್ನಡಕ್ಕೆ ಮೀಸಲಿಟ್ಟದ್ದು ಆ ಕಾಲಕ್ಕೆ ಜಾಣ ಆಯ್ಕೆಯೇ. ಆಮೇಲೆ ಬಂದ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಆ ಕೀಯೇ ಇಲ್ಲ. ಕಚೇರಿಯವರು ಅಂಥದೊಂದು ಲ್ಯಾಪ್‌ಟಾಪ್ ಕೊಂಡು ತಂದರು. ಕನ್ನಡ ಬರಲಿಲ್ಲ. "ಇಪ್ಪತ್ತು ವರ್ಷದ ಸರ್ವೀಸು, ಇನ್ನೂ ಕನ್ನಡ ಟೈಪಿಂಗ್ ಬರಲ್ಲವೇನಮ್ಮ?" ಎಂದು ಸಾಹೇಬರು ಎಲ್ಲರೆದುರು ಕೇಳಿದರು. ವಿಂಡೋಸಿನಲ್ಲಿ ಪರದೆಯ ಮೇಲೆಯೇ ಒಂದು ಕೀಬೋರ್ಡು ತೆರೆದುಕೊಳ್ಳುವ ಅನುಕೂಲವಿದೆ, ಅದರಲ್ಲಿ ಸ್ಕ್ರಾಲ್ ಲಾಕ್ ಸಿಗುತ್ತದೆ. ಇದನ್ನು ಕಂಡುಕೊಂಡವಳು ನನ್ನ ಗೆಳತಿಯೇ. ಕೀ ಇಲ್ಲದ ಯಂತ್ರ ಕೊಂಡವರನ್ನು ಯಾರೂ ಏನೂ ಕೇಳಲಿಲ್ಲ.

ನನ್ನ ಮಾತಿಗೆ ಎದುರುತ್ತರಗಳು ಬಂದಿವೆ. "ಇದೇನು ದೊಡ್ಡ ವಿಷಯ, ನಾವೂ ಹಾಗೇ ಕಲಿತೆವು" ಎನ್ನುತ್ತಾರೆ. ತಾವು ಪೆಟ್ಟು ತಿಂದು ಕಲಿತವರು ಇನ್ನೊಬ್ಬರೂ ತಿನ್ನಲಿ ಎನ್ನುವುದು ಪಾಠ ಹೇಳುವ ಕ್ರಮವಲ್ಲ. "ಹುಡುಗರೂ ಅದೇ ಕೀ ಒತ್ತಿ ಕಳೆದುಕೊಂಡಿದ್ದಾರೆ, ಹುಡುಗಿಯರ ಮಾತೇಕೆ?" ಎನ್ನುತ್ತಾರೆ. ನಿಜ, ಕೀಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಆದರೆ ಆ ಹುಡುಗ ಸಂಜೆ ಗೆಳೆಯನ ಮನೆಯಲ್ಲೋ ಸೈಬರ್ ಕೆಫೆಯಲ್ಲೋ ಕೂತು ಹತ್ತು ಸಲ ಕೆಡಿಸಿ ಹನ್ನೊಂದನೆಯ ಸಲ ಸರಿ ಮಾಡುತ್ತಾನೆ. ಕುರುಗೋಡಿನ ಹುಡುಗಿಗೆ ಐದು ಗಂಟೆಯ ಬಸ್ಸು ತಪ್ಪಬಾರದು. ಅವಳಿಗೆ ಸಿಕ್ಕುವುದು ಲ್ಯಾಬಿನ ಆ ಒಂದೆರಡು ಗಂಟೆ ಮಾತ್ರ. ಕೆಡಿಸಿ ಕಲಿಯುವ ಭಾಗ್ಯ ಅವಳಿಗಿಲ್ಲ. ಹುಡುಗ ಕೆಡಿಸಿದರೆ "ಪ್ರಯೋಗ ಮಾಡ್ತಾನೆ" ಎನ್ನುತ್ತೇವೆ, ಹುಡುಗಿ ಕೆಡಿಸಿದರೆ "ಆಗಿಬರಲ್ಲ" ಎನ್ನುತ್ತೇವೆ. "ಕನ್ನಡ ಮೇಡಂಗೆ ಇದೆಲ್ಲ ಏಕೆ?" ಎಂದವರೂ ಉಂಟು. ಒಂದು ಪದಕ್ಕೆ ಎರಡು ಅರ್ಥವಿದ್ದರೆ ಯಾವ ಸಂದರ್ಭದಲ್ಲಿ ಯಾವ ಅರ್ಥ ಎಂದು ಹೇಳಿಕೊಡದೆ ಮಕ್ಕಳಿಗೆ ಅಂಕ ಕಳೆಯಬಾರದು ಎಂಬುದು ಕನ್ನಡ ಮೇಡಂಗೆ ಚೆನ್ನಾಗಿ ಗೊತ್ತಿದೆ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳು ಬೇಕಾದಷ್ಟಿವೆ. ಅಲ್ಲಿ ಒಂದು ಹೊಲಿಗೆ ಯಂತ್ರ ಮಾತ್ರ ಮಿಕ್ಕ ಯಂತ್ರಗಳಿಗೆ ತಿರುಗುಮುರುಗಾಗಿ ಓಡಿ ಬಟ್ಟೆ ಕೆಟ್ಟಿತೆನ್ನಿ. ಮಾಲೀಕ ಆ ದಿನವೇ ಮೆಕ್ಯಾನಿಕ್ಕನನ್ನು ಕರೆಸುತ್ತಾನೆ, ಏಕೆಂದರೆ ನಷ್ಟ ಅವನದು. ಲ್ಯಾಬಿನಲ್ಲಿ ನಷ್ಟ ಹುಡುಗಿಯದು, ಆದ್ದರಿಂದ ಅದು ವರ್ಷಗಟ್ಟಲೆ ಹಾಗೇ ಇರುತ್ತದೆ.

ಸರಿಪಡಿಸುವುದಕ್ಕೆ ಲಕ್ಷಗಟ್ಟಲೆ ಹಣ ಬೇಕಿರಲಿಲ್ಲ. ಡಾಸ್‌ಬಾಕ್ಸಿನಲ್ಲಿ ಕಂಟ್ರೋಲ್ ಎಫ್1 ಒತ್ತಿದರೆ ಕೀಗಳ ಪಟ್ಟಿ ತೆರೆದುಕೊಳ್ಳುತ್ತದೆ. ಮುಚ್ಚುವ ಕೆಲಸಕ್ಕೆ ಬೇರೆ ಕೀ ಕೊಟ್ಟು ಉಳಿಸಿದರೆ ಆಯಿತು, ಒಂದು ಯಂತ್ರಕ್ಕೆ ಐದು ನಿಮಿಷದ ಕೆಲಸ. ಅದೂ ಬೇಡವೆಂದರೆ, ಆಲ್ಟ್ ಆರ್ ಒತ್ತಿ ಮೆನುವಿನಿಂದ ಓಡಿಸಿ ಎಂದು ಮಕ್ಕಳಿಗೆ ಒಂದು ಮಾತು ಹೇಳಬಹುದಿತ್ತು. ಎಫ್2 ಒತ್ತಿದರೆ ಮಾತ್ರ ಉಳಿಯುತ್ತದೆ ಎಂದು ಗೋಡೆಯ ಮೇಲೆ ಬರೆಯಬಹುದಿತ್ತು. ಬಲ್ಲವರಿಗೆ ಇದೆಲ್ಲ ಗೊತ್ತಿತ್ತು, ಹೇಳಬೇಕೆಂದು ಅನ್ನಿಸಲಿಲ್ಲ.

ಆ ಹುಡುಗಿ ಕೊನೆಯ ಪರೀಕ್ಷೆಯಲ್ಲಿ ಮೆನುವಿನಿಂದ ಓಡಿಸಿ ಪಾಸಾದಳು. ಆದರೆ ಜನವರಿಯ ಆ ಮಾತು ಅವಳಿಗಿಂತ ಮುಂಚೆ ಊರು ತಲುಪಿತ್ತು. ಮನೆಯಲ್ಲಿ ಬಿಸಿಎ ಓದಿಸುವ ಮಾತು ಅಲ್ಲಿಗೇ ನಿಂತಿತು. "ಅದು ಅವಳ ಕೈಗೆ ಆಗಿಬರಲ್ಲವಂತೆ" ಎಂದು ಅವಳ ತಂದೆ ನನ್ನೆದುರೇ ಹೇಳಿದರು. ನಾನು ಎಷ್ಟು ವಾದಿಸಿದರೂ ಅವರು ಕದಲಲಿಲ್ಲ. ಕಾಲೇಜಿನವರೇ ಹೇಳಿದ ಮೇಲೆ ಕನ್ನಡ ಟೀಚರ ಮಾತಿಗೆ ಏನು ತೂಕ? ಅವಳು ಬಿಎಗೆ ಸೇರಿದಳು. ನಾನೂ ಬಿಎ ಓದಿದವಳೇ, ಬಿಎ ಕೀಳೆಂದು ನಾನು ಹೇಳುವುದಿಲ್ಲ. ಅವಳಾಗಿ ಆರಿಸಿಕೊಂಡಿದ್ದರೆ ನನ್ನ ತಕರಾರೂ ಇರುತ್ತಿರಲಿಲ್ಲ. ಎರಡು ತಂತ್ರಾಂಶಗಳ ನಡುವಿನ ಜಗಳ ಅವಳ ಪರವಾಗಿ ಆರಿಸಿತು ಎಂಬುದೇ ನನ್ನ ಸಂಕಟ.

ಆದ್ದರಿಂದ ನಾನು ಕೇಳುವುದು ಇಷ್ಟು. ಮಕ್ಕಳು ಕೂರುವ ಪ್ರತಿಯೊಂದು ಯಂತ್ರದ ಪಕ್ಕದಲ್ಲಿ, ಈ ಯಂತ್ರದಲ್ಲಿ ಯಾವ ಕೀ ಏನು ಮಾಡುತ್ತದೆ ಎಂದು ಕನ್ನಡದಲ್ಲಿ ಬರೆದ ಒಂದು ಹಾಳೆ ಇರಲಿ. ಒಂದೇ ಕೊಠಡಿಯಲ್ಲಿ ಒಂದೇ ಕೀಗೆ ಎರಡು ಅರ್ಥ ಇರಕೂಡದು. ಇದ್ದರೆ ಪರೀಕ್ಷೆಗೆ ಮೊದಲೇ ಸರಿಪಡಿಸಲಿ. ಪರೀಕ್ಷೆಯ ನಡುವೆ ಕಿಟಕಿ ಮುಚ್ಚಿಹೋದರೆ ಕಳೆದ ಸಮಯವನ್ನು ಮರಳಿ ಕೊಡಲಿ. ಪಾಠದ ಭಾಷೆ ಬದಲಾಗಬಹುದು, ತಂತ್ರಾಂಶ ಬದಲಾಗಬಹುದು, ನೀಲಿ ಪರದೆ ಹೋಗಿ ಕಪ್ಪು ಪರದೆ ಬರಬಹುದು. ಆಗಲೂ ಯಾವುದೋ ಕೀ ಎರಡು ಯಜಮಾನರ ಮಾತು ಕೇಳುತ್ತಿರುತ್ತದೆ.

ತಾಯಂದಿರಿಗೂ ಒಂದು ಮಾತು. ಪಾಲಕರ ಸಭೆಗೆ ಹೋದಾಗ ಅಂಕಪಟ್ಟಿಗೆ ಸಹಿ ಹಾಕಿ ಎದ್ದು ಬರಬೇಡಿ. ಲ್ಯಾಬಿನ ಬಾಗಿಲು ತೆಗೆಸಿ, ಹಾಳೆ ಎಲ್ಲಿದೆ ಎಂದು ಕೇಳಿ. ಇಂಗ್ಲಿಷ್ ಬರದಿದ್ದರೆ ಕನ್ನಡದಲ್ಲಿ ಕೇಳಿ, ತೆಲುಗಿನಲ್ಲಿ ಕೇಳಿ. ಮಗಳು ಮನೆಗೆ ಬಂದು "ಏನೋ ಒತ್ತಿದೆ, ಎಲ್ಲಾ ಹೋಯಿತು" ಎಂದರೆ, ಯಾವ ಕೀ ಒತ್ತಿದೆ, ಅದನ್ನು ಒತ್ತು ಎಂದು ಹೇಳಿದವರು ಯಾರು, ಹೋಗುತ್ತದೆಂದು ಹೇಳದೆ ಬಿಟ್ಟವರು ಯಾರು ಎಂದು ವಿಚಾರಿಸಿ. ಈ ಮೂರು ಪ್ರಶ್ನೆಗೂ ಉತ್ತರ ಸಿಗುವ ತನಕ ಅವಳ ಬೆರಳಿನ ತಂಟೆಗೆ ಯಾರನ್ನೂ ಬರಗೊಡಬೇಡಿ.